ಫೇರೋನ ಟಪಾಲುಕೋಣೆಯೂ ಟಪಾಲಿಲ್ಲದ ದಕ್ಷಿಣವೂ

1887ರಲ್ಲಿ ಮಧ್ಯ ಈಜಿಪ್ಟಿನ ಅಮರ್ನಾ ಬಯಲಿನಲ್ಲಿ, ನೈಲ್ ನದಿಯ ಪೂರ್ವದಂಡೆಯ ಪಾಳು ಇಟ್ಟಿಗೆಗಳ ನಡುವೆ ಗೊಬ್ಬರದ ಮಣ್ಣು ಅಗೆಯುತ್ತಿದ್ದ ಹಳ್ಳಿಯ ಹೆಣ್ಣುಮಗಳೊಬ್ಬಳಿಗೆ, ಗೀರುಗಳಿಂದ ತುಂಬಿದ ಒಣಮಣ್ಣಿನ ಸಣ್ಣ ಫಲಕಗಳು ಸಿಕ್ಕವೆಂದು ಹೇಳುತ್ತಾರೆ. ಅವು ಹಳೆಯ ವಸ್ತುಗಳ ವ್ಯಾಪಾರಿಗಳ ಕೈ ಸೇರಿ ತಜ್ಞರ ಮುಂದೆ ಬಂದಾಗ ಕೆಲವರು ನಕಲಿಯೆಂದು ತಳ್ಳಿಹಾಕಿದರು. ಅವರ ಅನುಮಾನಕ್ಕೆ ಕಾರಣವಿತ್ತು. ಈಜಿಪ್ಟು ಕಲ್ಲಿನ ಮೇಲೆ ಉಳಿಯಿಂದಲೂ ಪಪೈರಸ್ಸಿನ ಮೇಲೆ ಮಸಿಯಿಂದಲೂ ಬರೆದ ದೇಶ. ಹಸಿ ಜೇಡಿಮಣ್ಣಿನ ಮೇಲೆ ಬೆಣೆಲಿಪಿಯನ್ನು ಒತ್ತಿ ಬರೆಯುವುದು ಟೈಗ್ರಿಸ್ ಮತ್ತು ಯೂಫ್ರಟೀಸ್ ನದಿಗಳ ನಾಡಿನವರ ರೂಢಿ. ಬಾಬಿಲೋನಿನ ಲಿಪಿ ನೈಲ್ ದಂಡೆಗೆ ಬಂದದ್ದಾದರೂ ಹೇಗೆ ಎಂಬ ಪ್ರಶ್ನೆಗೆ ಉತ್ತರ ಆ ಫಲಕಗಳಲ್ಲೇ ಇತ್ತು: ಅವು ಹೊರನಾಡಿನ ಅರಸರು ಫೇರೋನಿಗೆ ಬರೆದ ಕಾಗದಗಳು.

ಇಂದು ಆ ಸಂಗ್ರಹದ 382 ಫಲಕಗಳಿಗೆ ಕ್ರಮಸಂಖ್ಯೆಯಿದೆ. ಅವುಗಳಲ್ಲಿ ಸುಮಾರು ಮುನ್ನೂರೈವತ್ತು ಪತ್ರಗಳು ಅಥವಾ ಪತ್ರಗಳೊಡನೆ ಬಂದ ಉಡುಗೊರೆಗಳ ಪಟ್ಟಿಗಳು. ಉಳಿದವು ಲಿಪಿಕಾರರ ಕಲಿಕೆಗೆ ಬಳಸಿದ ಪದಪಟ್ಟಿಗಳು, ಒಂದೆರಡು ಪುರಾಣಕಥೆಗಳು. ಬಹುಪಾಲು ಫಲಕಗಳು ಬರ್ಲಿನ್, ಲಂಡನ್ ಮತ್ತು ಕೈರೋ ನಗರಗಳ ಸಂಗ್ರಹಾಲಯಗಳಲ್ಲಿವೆ. 1891-92ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಉತ್ಖನನ ನಡೆಸಿದಾಗ ಫಲಕಗಳು ಸಿಕ್ಕಿದ ಕಟ್ಟಡವನ್ನು ಗುರುತಿಸಿದರು. ಅದರ ಇಟ್ಟಿಗೆಗಳ ಮೇಲೆಯೇ ಇದು ಫೇರೋನ ಪತ್ರಗಳ ಸ್ಥಳವೆಂಬ ಮುದ್ರೆಯಿತ್ತು. ಕ್ರಿ.ಪೂ. ಹದಿನಾಲ್ಕನೆಯ ಶತಮಾನದ ಮಧ್ಯದಲ್ಲಿ ಅಖೆನಾತನ್ ಕಟ್ಟಿಸಿದ ಹೊಸ ರಾಜಧಾನಿಯ ಟಪಾಲುಕೋಣೆ ಅದು. ಅವನ ತಂದೆ ಮೂರನೆಯ ಅಮೆನ್‌ಹೋಟೆಪನ ಕೊನೆಯ ವರ್ಷಗಳ ಪತ್ರಗಳನ್ನೂ ಅಲ್ಲಿಗೆ ತಂದಿರಿಸಲಾಗಿತ್ತು. ಟುಟಂಖಾಮನ್‌ನ ಕಾಲದ ಆರಂಭದಲ್ಲಿ ಆ ಊರನ್ನು ತೊರೆದು ಹೋಗುವಾಗ, ಬೇಡವಾದವುಗಳನ್ನು ಅಲ್ಲಿಯೇ ಬಿಟ್ಟು ಹೋದರು. ಹಾಗೆ ಬಿಟ್ಟುಹೋದದ್ದರಿಂದಲೇ ಮೂವತ್ತು ವರ್ಷಕ್ಕೂ ಕಡಿಮೆ ಅವಧಿಯ ಈ ಪತ್ರವ್ಯವಹಾರ ನಮಗೆ ಉಳಿಯಿತು.

ಪ್ರಾಚೀನ ಈಜಿಪ್ಟಿನ ಬಗ್ಗೆ ನಾವು ಸಾಮಾನ್ಯವಾಗಿ ತಿಳಿದಿರುವುದೆಲ್ಲ ಕಲ್ಲಿನಿಂದ ಬಂದದ್ದು. ಕಲ್ಲಿನ ಭಾಷೆಯಲ್ಲಿ ಅರಸನು ಒಬ್ಬನೇ. ಮಿಕ್ಕವರೆಲ್ಲ ಸೋತವರು, ಕಪ್ಪ ತಂದವರು, ಅವನ ಪಾದಪೀಠದ ಕೆಳಗೆ ಕೈಕಟ್ಟಿಸಿಕೊಂಡು ಮಂಡಿಯೂರಿದವರು. ನಮ್ಮ ಶಾಸನಗಳ ಪ್ರಶಸ್ತಿಭಾಗವನ್ನು ಓದಿ ಅಭ್ಯಾಸವಿರುವವರಿಗೆ ಈ ಧಾಟಿ ಹೊಸದಲ್ಲ. ಹೊಗಳಿಕೆಯನ್ನು ಎಷ್ಟು ಸೋಸಿದರೆ ಚರಿತ್ರೆ ಸಿಗುತ್ತದೆಂಬ ಅಂದಾಜು ಅವರಿಗಿರುತ್ತದೆ. ಆದರೆ ಸೋಸಲು ಒಂದು ಎದುರುಸಾಕ್ಷಿ ಬೇಕಷ್ಟೆ. ಈಜಿಪ್ಟಿನ ಮಟ್ಟಿಗೆ ಆ ಎದುರುಸಾಕ್ಷಿಯನ್ನು ಕೊಟ್ಟದ್ದು ಜೇಡಿಮಣ್ಣು. ಅಮರ್ನಾ ಪತ್ರಗಳನ್ನು ಓದುತ್ತ ಹೋದಂತೆ ನನಗೆ ಮೊದಲು ಮೂಡಿದ್ದು ಫೇರೋ ಮನುಷ್ಯನಾದನೆಂಬ ಸಂತೋಷ. ಬಹಳ ತಡವಾಗಿ ಹೊಳೆದದ್ದು, ಆ ಕೋಣೆಗೆ ಬಂದ ಟಪಾಲೆಲ್ಲ ಉತ್ತರದಿಂದಲೇ ಬಂದದ್ದು ಎಂಬ ಸಂಗತಿ.

ಒಂದೇ ಬಗೆಯ ಘಟನೆಯನ್ನು ಕಲ್ಲೂ ಮಣ್ಣೂ ಹೇಳುವ ರೀತಿ ನೋಡಿ. ಮೂರನೆಯ ಅಮೆನ್‌ಹೋಟೆಪ್ ತನ್ನ ಆಳ್ವಿಕೆಯ ಹತ್ತನೆಯ ವರ್ಷದಲ್ಲಿ ಸಿರಿಯಾದ ಉತ್ತರಭಾಗದಲ್ಲಿದ್ದ ಮಿತಾನಿ ರಾಜ್ಯದ ಅರಸು ಶುತ್ತರ್ಣನ ಮಗಳು ಗಿಲುಖೆಪಾಳನ್ನು ಮದುವೆಯಾದ. ಆ ನೆನಪಿಗಾಗಿ ಕಲ್ಲಿನ ಜೀರುಂಡೆಯಾಕಾರದ ಮುದ್ರೆಗಳನ್ನು ಕೆತ್ತಿಸಿ ಹಂಚಿದ. ಅವುಗಳಲ್ಲಿ ರಾಜಕುಮಾರಿಯೂ ಅವಳೊಡನೆ ಬಂದ 317 ಮಂದಿ ಹೆಂಗಸರೂ ಮಹಾರಾಜನ ಸನ್ನಿಧಿಗೆ ತಂದೊಪ್ಪಿಸಿದ ಒಂದು ಅದ್ಭುತವೆಂದು ವರ್ಣನೆಯಾಗಿದೆ. ಹುಡುಗಿಯ ತಂದೆ ಬರಿಯ ಪಾಳೆಯಗಾರನಂತೆ ಕಾಣುತ್ತಾನೆ. ಅವಳ ತಮ್ಮ ತುಶ್ರತ್ತ ಬರೆದ ಪತ್ರಗಳಲ್ಲಿ ಕಥೆ ಬೇರೆಯೇ. ಫೇರೋನ ತಂದೆ ನಾಲ್ಕನೆಯ ಥುಟ್‌ಮೋಸ್ ಹೆಣ್ಣು ಕೇಳಿದಾಗ ತನ್ನ ಅಜ್ಜ ಅರ್ತತಾಮ ಒಪ್ಪಿಯೇ ಇರಲಿಲ್ಲ, ಏಳನೆಯ ಬಾರಿ ಕೇಳಿದ ಮೇಲೆ ಕೊಟ್ಟನೆಂದು ಅವನು ನೆನಪಿಸುತ್ತಾನೆ. ಒಂದು ಕಡೆ ಕಪ್ಪ, ಇನ್ನೊಂದು ಕಡೆ ಬಹಳ ಒತ್ತಾಯದ ಮೇಲೆ ತೋರಿದ ಔದಾರ್ಯ.

ಪತ್ರಗಳ ಭಾಷೆ ಅಕ್ಕಾಡಿಯನ್. ಅದು ಬಾಬಿಲೋನಿನ ಭಾಷೆಯಾದರೂ ಆ ಕಾಲಕ್ಕೆ ರಾಜರಾಜರ ನಡುವಿನ ವ್ಯವಹಾರದ ಭಾಷೆಯೂ ಆಗಿತ್ತು. ಫೇರೋ ಕೂಡ ತನ್ನ ಉತ್ತರಗಳನ್ನು ಅದರಲ್ಲಿಯೇ ಬರೆಸಬೇಕಿತ್ತು. ದೊಡ್ಡ ಅರಸರು ಪರಸ್ಪರರನ್ನು ಸೋದರರೆಂದು ಸಂಬೋಧಿಸುತ್ತಿದ್ದರು. ನಾನು ಕ್ಷೇಮ, ನೀನೂ ನಿನ್ನ ಮನೆಯವರೂ ಹೆಂಡಿರೂ ಮಕ್ಕಳೂ ಪ್ರಧಾನರೂ ಕುದುರೆಗಳೂ ರಥಗಳೂ ನಾಡೂ ಕ್ಷೇಮವಾಗಿರಲಿ ಎಂಬ ಒಕ್ಕಣೆಯ ನಂತರ, ಎರಡನೆಯ ವಾಕ್ಯದಿಂದಲೇ ದೂರು ಶುರುವಾಗುತ್ತಿತ್ತು. ಬಾಬಿಲೋನಿನ ಕದಶ್ಮನ್-ಎನ್ಲಿಲ್, ಫೇರೋ ದೊಡ್ಡ ಹಬ್ಬವೊಂದನ್ನು ಮಾಡಿ ತನ್ನನ್ನು ಕರೆಯಲಿಲ್ಲವೆಂದೂ, ತನ್ನ ದೂತನನ್ನು ಆರು ವರ್ಷ ತಡೆದಿರಿಸಿಕೊಂಡನೆಂದೂ, ಕೊನೆಗೆ ಕಳಿಸಿದ ಮೂವತ್ತು ಮಿನಾ (ಆ ಕಾಲದ ತೂಕದ ಅಳತೆ) ಚಿನ್ನ ಬೆಳ್ಳಿಯ ಹಾಗೆ ಕಾಣುತ್ತಿತ್ತೆಂದೂ ಬರೆಯುತ್ತಾನೆ. ಬರೆದು, ತಾನು ಹಾಗೆ ಮಾಡುವವನಲ್ಲವೆಂದು ತೋರಿಸಲು ತನ್ನ ಹೊಸ ಮನೆಯ ಪ್ರವೇಶಕ್ಕೆ ಫೇರೋನನ್ನು ಆಹ್ವಾನಿಸುತ್ತಾನೆ. ಮದುವೆ ಮುಗಿದ ಮೇಲೆ ಬೀಗರ ನಡುವೆ ಹುಟ್ಟುವ ಅಸಮಾಧಾನಗಳೆಲ್ಲ ಇಲ್ಲಿ ಸಾಮ್ರಾಜ್ಯಗಳ ಅಳತೆಯಲ್ಲಿ ಬಂದಿವೆ.

ಈ ಸಂಗ್ರಹದ ಮೊದಲ ಸಂಖ್ಯೆಯ ಪತ್ರವೇ ಅಂಥದ್ದು. ಫೇರೋನಿಗೆ ಕೊಟ್ಟ ತನ್ನ ತಂಗಿ ಬದುಕಿದ್ದಾಳೋ ಸತ್ತಿದ್ದಾಳೋ ತಿಳಿಯದೆಂದು ಬಾಬಿಲೋನಿನ ಅರಸು ಕೇಳಿದ್ದ. ಅದಕ್ಕೆ ಮೂರನೆಯ ಅಮೆನ್‌ಹೋಟೆಪನ ಉತ್ತರ: ನಿನ್ನ ತಂಗಿಯನ್ನು ಗುರುತಿಸಬಲ್ಲ, ಅವಳೊಡನೆ ಮಾತಾಡಬಲ್ಲ ಗಣ್ಯನನ್ನು ನೀನು ಎಂದಾದರೂ ಕಳಿಸಿದ್ದೀಯಾ? ನೀನು ಕಳಿಸಿದವರು ಲೆಕ್ಕಕ್ಕಿಲ್ಲದವರು, ಒಬ್ಬನಂತೂ ಕತ್ತೆ ಕಾಯುವವನು! ನೆರೆಯವರಿಂದ ಒಂದು ತುಣುಕು ಚಿನ್ನ ಗಿಟ್ಟಿಸಲು ಹೆಣ್ಣುಮಕ್ಕಳನ್ನು ಕೊಡುತ್ತೀಯಲ್ಲ ಎಂಬ ಕುಟುಕೂ ಅದರಲ್ಲಿದೆ. ಆ ಹೆಂಗಸಿನ ಗತಿ ಏನಾಯಿತೆಂಬುದು ಮಾತ್ರ ಇಬ್ಬರ ವಾಗ್ವಾದದಲ್ಲಿ ಎಲ್ಲಿಯೂ ಸ್ಪಷ್ಟವಾಗುವುದಿಲ್ಲ. ಮುಂದೊಮ್ಮೆ ಕದಶ್ಮನ್-ಎನ್ಲಿಲ್ ತನಗೂ ಈಜಿಪ್ಟಿನ ರಾಜಕುಮಾರಿಯೊಬ್ಬಳು ಬೇಕೆಂದ. ಅನಾದಿಯಿಂದಲೂ ಈಜಿಪ್ಟಿನ ರಾಜನ ಮಗಳನ್ನು ಯಾರಿಗೂ ಕೊಟ್ಟದ್ದಿಲ್ಲ ಎಂಬ ಉತ್ತರ ಬಂತು. ಅವನು ಬಿಡಲಿಲ್ಲ, ಹಾಗಾದರೆ ಯಾರಾದರೊಬ್ಬ ಚೆಲುವೆಯನ್ನು ನಿನ್ನ ಮಗಳೆಂಬಂತೆ ಕಳಿಸು, ಅವಳು ರಾಜನ ಮಗಳಲ್ಲವೆಂದು ಇಲ್ಲಿ ಯಾರು ಹೇಳಬೇಕು ಎಂದು ಬರೆದ. ಅವನಿಗೆ ಬೇಕಾದದ್ದು ಹೆಂಡತಿಗಿಂತ ಹೆಚ್ಚಾಗಿ ಸಮಾನತೆಯ ತೋರಿಕೆ.

ಕದಶ್ಮನ್-ಎನ್ಲಿಲ್‌ನ ನಂತರದ ಬುರ್ನಬುರಿಯಾಶ್ ಇನ್ನೂ ಹೆಚ್ಚು ಮುಂಗೋಪಿ, ಆದರೆ ನನಗೆ ಬಹಳ ಇಷ್ಟವಾದವನೂ ಅವನೇ. ತನಗೆ ಕಾಯಿಲೆಯಾದಾಗ ಫೇರೋ ವಿಚಾರಿಸಲಿಲ್ಲವೆಂದು ಅವನಿಗೆ ಸಿಟ್ಟು. ನಾಡು ಬಹು ದೂರ, ಸುದ್ದಿ ತಲಪಿ ಕ್ಷೇಮಸಮಾಚಾರ ಬರುವಷ್ಟು ಹತ್ತಿರದ ಜಾಗವಲ್ಲ ಎಂದು ಈಜಿಪ್ಟಿನ ದೂತ ವಿವರಿಸಿದಾಗ ನಂಬದೆ ತನ್ನದೇ ದೂತನನ್ನು ಕೇಳುತ್ತಾನೆ. ಅವನೂ ಹೌದೆಂದಾಗ ಸಿಟ್ಟು ಬಿಟ್ಟೆನೆಂದು ಪ್ರಾಮಾಣಿಕವಾಗಿ ಬರೆಯುತ್ತಾನೆ. ಆದರೆ ಚಿನ್ನದ ವಿಷಯದಲ್ಲಿ ಅವನನ್ನು ಸಮಾಧಾನಪಡಿಸುವುದು ಸುಲಭವಿರಲಿಲ್ಲ. ಕಳಿಸಿದ ಇಪ್ಪತ್ತು ಮಿನಾ ಚಿನ್ನವನ್ನು ಕುಲುಮೆಗೆ ಹಾಕಿದಾಗ ಐದು ಮಿನಾ ಕೂಡ ಹೊರಬರಲಿಲ್ಲವೆಂಬುದು ಅವನ ಆಕ್ಷೇಪ. ಆಗತಾನೇ ತಲೆಯೆತ್ತುತ್ತಿದ್ದ ಅಸ್ಸೀರಿಯಾದ ಅಶ್ಶೂರ್-ಉಬಲ್ಲಿತ್‌ನದು ಇನ್ನೂ ನೇರವಾದ ಮಾತು: ನಿನ್ನ ನಾಡಿನಲ್ಲಿ ಚಿನ್ನವೆಂದರೆ ಮಣ್ಣು, ಬಾಚಿಕೊಂಡರಾಯಿತು, ಅದಕ್ಕೇಕೆ ಜಿಪುಣತನ? ನಾನು ಹೊಸ ಅರಮನೆ ಕಟ್ಟಿಸುತ್ತಿದ್ದೇನೆ. ನೀನು ಕಳಿಸಿದ್ದು ನನ್ನ ದೂತರ ಹೋಗಿಬರುವ ಖರ್ಚಿಗೂ ಸಾಲದು. ಅದೇ ಪತ್ರದಲ್ಲಿ ಅವನು ಅಖೆನಾತನ್ ವಿದೇಶಿ ದೂತರನ್ನು ಬಿಸಿಲಿನಲ್ಲಿ ನಿಲ್ಲಿಸುವುದನ್ನೂ ಪ್ರಸ್ತಾಪಿಸುತ್ತಾನೆ. ಬಿಸಿಲಿನಲ್ಲಿ ನಿಲ್ಲುವುದರಿಂದ ರಾಜನಿಗೆ ಲಾಭವಿದ್ದರೆ ಅವನು ನಿಲ್ಲಲಿ, ನನ್ನ ದೂತರು ಯಾಕೆ ಸಾಯಬೇಕು ಎಂಬುದು ಅವನ ಪ್ರಶ್ನೆ. ಸೂರ್ಯಬಿಂಬವನ್ನೇ ಏಕೈಕ ದೈವವಾಗಿಸಿದ ಅಖೆನಾತನ್‌ನ ಕ್ರಾಂತಿಯ ಬಗ್ಗೆ ಅವನ ಸಮಕಾಲೀನ ನೆರೆಯವನೊಬ್ಬ ಕೊಟ್ಟ ಅತ್ಯಂತ ಪ್ರಾಯೋಗಿಕ ವಿಮರ್ಶೆ ಇದೇ ಇರಬೇಕು.

ಮಿತಾನಿಯ ತುಶ್ರತ್ತನ ದುಃಖ ಬೇರೆ ರೀತಿಯದು. ಅವನು ಮಗಳು ತದುಖೆಪಾಳನ್ನು ಕೊಟ್ಟಿದ್ದ, ಮುದಿ ಫೇರೋನಿಗಾಗಿ ನಿನೆವೆಯ ಇಶ್ತಾರ್ ದೇವಿಯ ಮೂರ್ತಿಯನ್ನೇ ಈಜಿಪ್ಟಿಗೆ ಕಳಿಸಿದ್ದ. ಮೂರನೆಯ ಅಮೆನ್‌ಹೋಟೆಪ್ ಅವನಿಗೆ ಘನ ಚಿನ್ನದ ಎರಡು ಪ್ರತಿಮೆಗಳ ಮಾತು ಕೊಟ್ಟಿದ್ದ. ಮುದುಕ ತೀರಿಕೊಂಡ, ಮಗ ಅಖೆನಾತನ್ ಕಳಿಸಿದ್ದು ಚಿನ್ನದ ತಗಡು ಹೊದಿಸಿದ ಮರದ ಪ್ರತಿಮೆಗಳನ್ನು. ತುಶ್ರತ್ತ ಒಂದರ ಮೇಲೊಂದು ಪತ್ರ ಬರೆದ. ಕೊನೆಗೆ ವಿಧವೆ ರಾಣಿ ತೀಯಿಗೇ ಬರೆದು, ನಿನ್ನ ಗಂಡ ನನಗೆ ಕೊಟ್ಟ ಮಾತು ನಿನಗೆ ಗೊತ್ತಿದೆಯಲ್ಲ, ಮಗನಿಗೆ ತಿಳಿಹೇಳು ಎಂದು ಕೇಳಿಕೊಂಡ. ರಾಜಕೀಯದಲ್ಲಿ ಅವನು ಆಗಲೇ ಸೋಲುತ್ತಿದ್ದ. ಇಂದಿನ ಟರ್ಕಿಯಲ್ಲಿ ಆಳುತ್ತಿದ್ದ ಹಿಟ್ಟೈಟ್ ಅರಸು ಶುಪ್ಪಿಲುಲಿಯುಮ ಅವನ ಸಿರಿಯಾದ ನೆಲೆಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಿದ್ದಾಗ ಈಜಿಪ್ಟು ಕೈಕಟ್ಟಿ ನೋಡಿತು.

ಮಿತಾನಿಯ ಹೆಸರು ಬಂದಾಗ ಭಾರತೀಯ ಓದುಗರ ಕಿವಿ ನಿಮಿರುವುದು ಸಹಜ. ತುಶ್ರತ್ತನ ನಂತರ ಅವನ ಮಗ ಶತ್ತಿವಾಜ ಹಿಟ್ಟೈಟರೊಡನೆ ಮಾಡಿಕೊಂಡ ಒಪ್ಪಂದದ ಸಾಕ್ಷಿದೇವತೆಗಳ ಪಟ್ಟಿಯಲ್ಲಿ ಮಿತ್ರ, ವರುಣ, ಇಂದ್ರ ಮತ್ತು ನಾಸತ್ಯರು ಬರುತ್ತಾರೆ. ಮಿತಾನಿಯ ಕಿಕ್ಕುಲಿ ಎಂಬವನ ಕುದುರೆ ಪಳಗಿಸುವ ಗ್ರಂಥದಲ್ಲಿ ಐಕ, ತೇರ, ಪಂಜ, ಸತ್ತ, ನ ಎಂದು ಸುತ್ತುಗಳ ಎಣಿಕೆಯಿದೆ. ಇದರ ಮೇಲೆ ಈಗ ಅಂತರ್ಜಾಲದಲ್ಲಿ ಕಟ್ಟಿರುವ ಗೋಪುರಗಳ ಎತ್ತರ ನೋಡಿದರೆ ದಿಗಿಲಾಗುತ್ತದೆ. ಮಿತಾನಿಯ ಪ್ರಜೆಗಳ ಭಾಷೆ ಹುರ್ರಿಯನ್. ತುಶ್ರತ್ತ ಫೇರೋನಿಗೆ ಬರೆದ ಸುಮಾರು ಐನೂರು ಸಾಲುಗಳ ಅತಿ ಉದ್ದದ ಪತ್ರವೂ ಆ ಭಾಷೆಯಲ್ಲೇ ಇದೆ. ಒಪ್ಪಂದದಲ್ಲಿ ನಮಗೆ ಪರಿಚಿತ ದೇವತೆಗಳು ಬರುವುದು ಸಿರಿಯಾದ ಮತ್ತು ಹುರ್ರಿಯನ್ನರ ದೇವತೆಗಳ ದೀರ್ಘ ಸಾಲಿನ ಒಳಗೆ. ರಾಜಮನೆತನದ ಹೆಸರುಗಳಲ್ಲೂ ಕುದುರೆಯ ವಿದ್ಯೆಯಲ್ಲೂ ಉಳಿದುಕೊಂಡ ಇಂಡೋ-ಆರ್ಯನ್ ಭಾಷೆಯ ಕುರುಹು ಅದು. ಅಷ್ಟಕ್ಕೇ ಅದು ಸಾಕಷ್ಟು ವಿಸ್ಮಯಕರ.

ಸೋದರರ ಈ ಬಳಗಕ್ಕೆ ಕಾನಾನಿನ, ಅಂದರೆ ಇಂದಿನ ಲೆಬನಾನ್, ಇಸ್ರೇಲ್ ಮತ್ತು ಪ್ಯಾಲೆಸ್ತೀನ್ ಪ್ರದೇಶದ ಸಣ್ಣ ಊರುಗಳ ಒಡೆಯರು ಸೇರಿದವರಲ್ಲ. ಅವರು ಈಜಿಪ್ಟಿನ ಅಧೀನರು. ಸಂಖ್ಯೆಯಲ್ಲಿ ಅವರ ಪತ್ರಗಳೇ ಬಹುಪಾಲು. ಏಳು ಸಲ ಮತ್ತು ಏಳು ಸಲ ನಿಮ್ಮ ಪಾದಕ್ಕೆ ಬೀಳುತ್ತೇನೆ ಎಂದು ಅವು ಆರಂಭವಾಗುತ್ತವೆ, ಕೆಲವರು ಹೊಟ್ಟೆಯ ಮೇಲೂ ಬೆನ್ನಿನ ಮೇಲೂ ಎಂದು ಸೇರಿಸುತ್ತಾರೆ. ಬಿಬ್ಲೋಸಿನ ರಿಬ್-ಹದ್ದಾ ಒಬ್ಬನೇ ಸುಮಾರು ಅರವತ್ತು ಪತ್ರ ಬರೆದ. ಅಮುರ್ರು ಪ್ರದೇಶದ ಅಬ್ದಿ-ಅಶಿರ್ತ, ಆಮೇಲೆ ಅವನ ಮಗ ಅಜಿರು ತನ್ನ ಊರುಗಳನ್ನು ನುಂಗುತ್ತಿದ್ದಾರೆ, ತಾನು ಬಲೆಗೆ ಬಿದ್ದ ಹಕ್ಕಿಯಾಗಿದ್ದೇನೆ, ಉಳುವವರಿಲ್ಲದೆ ತನ್ನ ಹೊಲ ಗಂಡನಿಲ್ಲದ ಹೆಂಗಸಿನಂತಾಗಿದೆ ಎಂದು ಅವನು ಮತ್ತೆ ಮತ್ತೆ ಬರೆದ. ಉಳಿದ ಊರೊಡೆಯರೆಲ್ಲರಿಗಿಂತ ನೀನೇಕೆ ಇಷ್ಟು ಬರೆಯುತ್ತೀಯೆಂದು ಅರಮನೆಯಿಂದ ಗದರಿಕೆ ಬಂತೇ ಹೊರತು ಅವನು ಬೇಡಿದ ಪಡೆ ಬರಲಿಲ್ಲ. ಕೊನೆಗೆ ಸ್ವಂತ ತಮ್ಮನೇ ಅವನನ್ನು ಊರಿನಿಂದ ಹೊರಹಾಕಿದ. ಅಜಿರು ಹಿಟ್ಟೈಟರ ಪಕ್ಷ ಸೇರಿದ. ರಿಬ್-ಹದ್ದಾ ಹೇಳಿದ್ದೆಲ್ಲ ನಿಜವೇ ಆಗಿತ್ತು.

ಜೆರೂಸಲೇಮಿನ ಅಬ್ದಿ-ಹೆಬಾ ಅವನಿಗಿಂತ ಜಾಣ. ಪತ್ರ ಮುಗಿದ ಮೇಲೆ ಅದನ್ನು ಓದಿಹೇಳುವ ಈಜಿಪ್ಟಿನ ಲಿಪಿಕಾರನಿಗೇ ಪ್ರತ್ಯೇಕ ಒಕ್ಕಣೆ ಬರೆದು, ನನ್ನ ಮಾತುಗಳನ್ನು ರಾಜನಿಗೆ ಚೆನ್ನಾಗಿ ನಿವೇದಿಸು ಎಂದು ಕೇಳಿಕೊಳ್ಳುತ್ತಿದ್ದ. ಇವನ ಒಂದು ಪತ್ರದಲ್ಲಿ ಬರುವ ದೂರು ಮಾತ್ರ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿತು. ಫೇರೋ ಅಲ್ಲಿಟ್ಟಿದ್ದ ಕೂಷ್ ನಾಡಿನ ಸೈನಿಕರು ತನ್ನ ಮನೆಗೇ ಕನ್ನ ಕೊರೆದು ನುಗ್ಗಿದರೆಂದೂ, ತಾನು ಕೊಲೆಯಾಗುವುದು ಸ್ವಲ್ಪದರಲ್ಲಿ ತಪ್ಪಿತೆಂದೂ ಅವನು ಬರೆಯುತ್ತಾನೆ. ಕೂಷ್ ಎಂದರೆ ಈಜಿಪ್ಟಿನ ದಕ್ಷಿಣದ ನೆರೆ, ಇಂದಿನ ಸುಡಾನಿನ ಉತ್ತರಭಾಗ. ಜೆರೂಸಲೇಮಿನ ಗುಡ್ಡದ ಮೇಲೆ ಕಾವಲಿಗಿದ್ದ ಆ ಬಿಲ್ಲುಗಾರರು ನೈಲಿನ ಮೇಲ್ಭಾಗದಿಂದ ಬಂದವರು. ರಿಬ್-ಹದ್ದಾ ಕೂಡ ಕೂಷ್‌ನ ಬಿಲ್ಲುಗಾರರನ್ನು ಕಳಿಸಿರೆಂದು ಕೇಳಿದ್ದುಂಟು. ಹೀಗೆ ಆ ಕೋಣೆಯ ಫಲಕಗಳಲ್ಲಿ ಕೂಷ್‌ನವರು ಅಲ್ಲಲ್ಲಿ ಹಾದುಹೋಗುತ್ತಾರೆ. ಅವರಲ್ಲಿ ಬರೆದವರು ಯಾರೂ ಇಲ್ಲ.

ಬಾಬಿಲೋನಿನವರೂ ಅಸ್ಸೀರಿಯಾದವರೂ ಮಿತಾನಿಯವರೂ ಬಾಯಿಬಿಟ್ಟು ಕೇಳುತ್ತಿದ್ದ ಆ ಚಿನ್ನ ಎಲ್ಲಿಂದ ಬರುತ್ತಿತ್ತು? ಈಜಿಪ್ಟಿನ ಪೂರ್ವ ಮರುಭೂಮಿಯಿಂದ ಒಂದಷ್ಟು. ಬಹಳಷ್ಟು ದಕ್ಷಿಣದ ನೂಬಿಯಾದಿಂದ, ವಾವತ್ ಮತ್ತು ಕೂಷ್ ಎಂಬ ಪ್ರದೇಶಗಳಿಂದ. ಮೂರನೆಯ ಥುಟ್‌ಮೋಸನ ಕಾರ್ನಕ್ ದೇಗುಲದ ವಾರ್ಷಿಕ ದಾಖಲೆಗಳಲ್ಲಿ ಇವೆರಡರ ಚಿನ್ನವನ್ನೂ ತೂಕ ಮಾಡಿ ಬರೆದಿಟ್ಟಿದ್ದಾರೆ. ಅದು ಬಾಚಿಕೊಳ್ಳುವ ಮಣ್ಣಾಗಿರಲಿಲ್ಲ ಎಂಬುದಕ್ಕೆ ಅಮರ್ನಾ ಕಾಲಕ್ಕಿಂತ ಸ್ವಲ್ಪ ಈಚಿನ ಕಲ್ಲೊಂದು ಸಾಕ್ಷಿಯಾಗಿದೆ. ಎರಡನೆಯ ರಾಮ್ಸೆಸನ ಮೂರನೆಯ ವರ್ಷದ ಆ ಶಾಸನ ನೂಬಿಯಾದ ಕುಬಾನಿನಲ್ಲಿ ಸಿಕ್ಕಿತು, ಈಗ ಫ್ರಾನ್ಸಿನ ಗ್ರೆನೋಬ್ಲ್ ನಗರದಲ್ಲಿದೆ. ಚಿನ್ನ ತೊಳೆಯುವವರ ತಂಡ ಗಣಿನಾಡಿಗೆ ಹೊರಟರೆ ಅರ್ಧದಷ್ಟು ಜನ ಮಾತ್ರ ತಲಪುತ್ತಿದ್ದರು, ಉಳಿದವರು ತಾವು ಹೊಡೆದುಕೊಂಡು ಹೋಗುತ್ತಿದ್ದ ಕತ್ತೆಗಳೊಡನೆ ದಾರಿಯಲ್ಲೇ ಬಾಯಾರಿ ಸಾಯುತ್ತಿದ್ದರು ಎಂದು ಅದು ಹೇಳುತ್ತದೆ. ರಾಮ್ಸೆಸನ ತಂದೆ ಸೇತಿ ತೋಡಿಸಿದ ಬಾವಿ 120 ಮೊಳ ಇಳಿದರೂ ನೀರು ಕೊಡಲಿಲ್ಲವೆಂದೂ, ಮಗನ ಅಪ್ಪಣೆಗೆ ಹನ್ನೆರಡು ಮೊಳದಲ್ಲೇ ನೀರು ಚಿಮ್ಮಿತೆಂದೂ ಸೇರಿಸಿರುವುದು ಪ್ರಶಸ್ತಿಯ ಭಾಗ. ಸತ್ತವರ ಲೆಕ್ಕವೂ ರಾಜನ ಮಹಿಮೆಗೆ ಪೀಠಿಕೆಯಾಗಿಯೇ ಕಲ್ಲನ್ನೇರಿತು, ನಿಜ, ಹಾಗಾದರೂ ಏರಿತಲ್ಲ.

ಕೂಷ್ ಯಾವಾಗಲೂ ಹೀಗೆ ಅಧೀನವಾಗಿರಲಿಲ್ಲ. ನೈಲಿನ ಮೂರನೆಯ ಪ್ರಪಾತದ ದಕ್ಷಿಣಕ್ಕಿದ್ದ ಕೆರ್ಮಾ ನಗರ ಕ್ರಿ.ಪೂ. 2500ರ ಸುಮಾರಿನಿಂದ ಸಾವಿರ ವರ್ಷ ಆ ರಾಜ್ಯದ ಕೇಂದ್ರವಾಗಿತ್ತು. ಹಸಿ ಇಟ್ಟಿಗೆಯ ಅದರ ಬೃಹತ್ ದೇಗುಲ, ಪಶ್ಚಿಮ ದೆಫ್ಫೂಫಾ, ಇಂದಿಗೂ ಸುಮಾರು ಹದಿನೆಂಟು ಮೀಟರು ಎತ್ತರ ನಿಂತಿದೆ. ಈಜಿಪ್ಟಿನ ಉತ್ತರಭಾಗವನ್ನು ಹೊರನಾಡಿನ ಮೂಲದ ಹಿಕ್ಸೋಸರು ಆಳುತ್ತಿದ್ದ ಕಾಲದಲ್ಲಿ ದಕ್ಷಿಣದ ಥೀಬ್ಸಿನ ಅರಸರು ಅವರಿಗೂ ಕೂಷ್‌ಗೂ ನಡುವೆ ಸಿಕ್ಕಿಬಿದ್ದಿದ್ದರು. 1954ರಲ್ಲಿ ಕಾರ್ನಕ್ಕಿನಲ್ಲಿ ದೊರೆತ, ಥೀಬ್ಸಿನ ಅರಸು ಕಾಮೋಸನ ಶಾಸನದಲ್ಲಿ, ಓಯಸಿಸ್ ದಾರಿಯಲ್ಲಿ ಸೆರೆಸಿಕ್ಕ ದೂತನೊಬ್ಬನ ಕೈಯಿಂದ ಕಿತ್ತುಕೊಂಡ ಪತ್ರದ ಒಕ್ಕಣೆಯಿದೆ. ಹಿಕ್ಸೋಸ್ ಅರಸು ಅಪೋಫಿಸ್ ಕೂಷ್‌ನ ಹೊಸ ಅರಸನಿಗೆ ಬರೆದದ್ದು: ನನಗೆ ತಿಳಿಸದೆಯೇ ಅರಸನಾದೆಯಲ್ಲ? ಈಜಿಪ್ಟು ನನಗೆ ಮಾಡಿದ್ದನ್ನು ನೋಡಿದೆಯಾ? ಉತ್ತರಕ್ಕೆ ಬಾ, ಅಂಜಬೇಡ; ಈ ಈಜಿಪ್ಟಿನ ಊರುಗಳನ್ನು ನಾವಿಬ್ಬರೂ ಹಂಚಿಕೊಳ್ಳೋಣ. ಈಜಿಪ್ಟಿನ ಪ್ರಾಚೀನ ಚರಿತ್ರೆಯಲ್ಲಿ ಕೂಷ್‌ನ ಅರಸನಿಗೆ ಸಮಾನನೊಬ್ಬ ಬರೆದ ಪತ್ರವಾಗಿ ನನಗೆ ನೆನಪಿಗೆ ಬರುವುದು ಇದೊಂದೇ, ಅದೂ ಅವನ ಕೈ ಸೇರಲಿಲ್ಲ. ತನ್ನ ಜಾಣತನವನ್ನು ಮೆರೆಸಲು ಕಾಮೋಸ್ ಅದನ್ನು ಕಲ್ಲಿನಲ್ಲಿ ಕೆತ್ತಿಸದೇ ಇದ್ದಿದ್ದರೆ ನಮಗೂ ತಿಳಿಯುತ್ತಿರಲಿಲ್ಲ.

ಕೂಷ್‌ನ ಪಡೆ ದಕ್ಷಿಣ ಈಜಿಪ್ಟನ್ನು ಹೊಕ್ಕು ಸೂರೆ ಮಾಡಿದ್ದೂ ನಿಜ. ಅದನ್ನು ಯಾವ ಫೇರೋನ ಶಾಸನವೂ ಹೇಳುವುದಿಲ್ಲ. ಹೇಳುವುದು ಎಲ್-ಕಾಬ್ ಊರಿನ ಅಧಿಕಾರಿ ಸೊಬೆಕ್‌ನಖ್ತನ ಸಮಾಧಿಯ ಬರಹ, 2003ರಲ್ಲಿ ಗೋಡೆಯನ್ನು ಶುಚಿಗೊಳಿಸುವಾಗ ಕಾಣಿಸಿಕೊಂಡದ್ದು. ಅದೇ ಎಲ್-ಕಾಬಿನ ಮತ್ತೊಂದು ಸಮಾಧಿಯಲ್ಲಿ, ಎಬಾನಾಳ ಮಗ ಅಹ್ಮೋಸ್ ಎಂಬ ನೌಕಾಯೋಧ, ಕ್ರಿ.ಪೂ. 1500ರ ಸುಮಾರಿನಲ್ಲಿ ಒಂದನೆಯ ಥುಟ್‌ಮೋಸ್ ಕೂಷ್ ಮೇಲೆ ದಂಡೆತ್ತಿಹೋಗಿ ಮರಳುವಾಗ ನೂಬಿಯಾದ ಬಿಲ್ಲುಗಾರನೊಬ್ಬನ ಹೆಣವನ್ನು ರಾಜನೌಕೆಯ ಮೂತಿಗೆ ತಲೆಕೆಳಗಾಗಿ ನೇತುಹಾಕಿಕೊಂಡು ಬಂದನೆಂದು ಹೆಮ್ಮೆಯಿಂದ ಬರೆಸಿದ್ದಾನೆ. ಬಾಬಿಲೋನಿನ ಅರಸನಿಗೆ ಕ್ಷೇಮ ಕೇಳುವ ಶಿಷ್ಟಾಚಾರಕ್ಕೂ ಇದಕ್ಕೂ ಇರುವ ಅಂತರಕ್ಕೆ ಮೈಬಣ್ಣವನ್ನೇ ಕಾರಣವಾಗಿ ನೋಡುವುದು ನಮ್ಮ ಕಾಲದ ಅಭ್ಯಾಸ. ನನಗೆ ಕಾಣುವ ಕಾರಣ ಹೆಚ್ಚು ಒರಟಾದದ್ದು: ಬಾಬಿಲೋನ್ ಈಜಿಪ್ಟಿನ ದಂಡಿಗೆ ನಿಲುಕದಷ್ಟು ದೂರವಿತ್ತು, ಕೂಷ್ ನದಿಯಗುಂಟ ದೋಣಿಗಳಲ್ಲಿ ತಲಪುವಷ್ಟು ಹತ್ತಿರವಿತ್ತು, ಅಲ್ಲಿ ಚಿನ್ನವಿತ್ತು. ತಲಪಲಾಗದವನು ಸೋದರನಾದ, ತಲಪಬಹುದಾದವನ ನಾಡಿಗೆ ಕೂಷ್‌ನ ರಾಜಪುತ್ರ ಎಂಬ ಬಿರುದಿನ ಈಜಿಪ್ಟಿನ ಅಧಿಕಾರಿ ಬಂದು ಕೂತ. ಕಾನಾನಿನಲ್ಲಿ ಊರೊಡೆಯರಾದರೂ ಉಳಿದು ಬೆಣೆಲಿಪಿಯಲ್ಲಿ ಗೋಳು ತೋಡಿಕೊಂಡರು. ಕೂಷ್‌ಗೆ ಆಗ ತನ್ನದೇ ಲಿಪಿ ಇರಲಿಲ್ಲ, ಆಡಳಿತವೆಲ್ಲ ಈಜಿಪ್ಟಿನ ಭಾಷೆಯಲ್ಲಿಯೇ ನಡೆಯುತ್ತಿತ್ತು.

ಬರೆಯದವರ ಬಗ್ಗೆ ಬರೆದವರ ಮಾತೇ ನಿಂತುಬಿಡುತ್ತದೆ ಎಂಬುದಕ್ಕೆ ಆಧುನಿಕ ಕಾಲದ ಉದಾಹರಣೆಯೂ ಇದೆ. 1913ರಿಂದ 1916ರವರೆಗೆ ಕೆರ್ಮಾದಲ್ಲಿ ಉತ್ಖನನ ನಡೆಸಿದ ಜಾರ್ಜ್ ರೈಸ್ನರ್, ಅಲ್ಲಿಯ ಭಾರಿ ಸಮಾಧಿದಿಬ್ಬಗಳಲ್ಲಿ ಈಜಿಪ್ಟಿನ ಅಧಿಕಾರಿಗಳ ಪ್ರತಿಮೆಗಳನ್ನು ಕಂಡು, ಇದು ಈಜಿಪ್ಟಿನ ರಾಜ್ಯಪಾಲರ ನೆಲೆ, ಸಮಾಧಿಗಳು ಅವರವು ಎಂದು ತೀರ್ಮಾನಿಸಿದರು. ದಿಬ್ಬಗಳೊಳಗೆ ಅರಸನ ಜೊತೆಗೆ ನೂರಾರು ಜನರನ್ನು ಹೂಳಿದ್ದು ಆ ಕಾಲದ ಈಜಿಪ್ಟಿನ ಪದ್ಧತಿಯೇ ಅಲ್ಲ. ಆದರೂ ಅಂಥ ನಗರವನ್ನು ನೂಬಿಯಾದವರೇ ಕಟ್ಟಿರಬಹುದೆಂಬ ಯೋಚನೆ ಅವರಿಗೆ ಒಗ್ಗಲಿಲ್ಲ. ಪ್ರತಿಮೆಗಳು ಕೂಷ್‌ನ ಅರಸರು ಈಜಿಪ್ಟಿನಿಂದ ಕೊಳ್ಳೆಹೊಡೆದು ತಂದವೆಂಬ ವಿವರಣೆ ಬಳಿಕ ನೆಲೆಗೊಂಡಿತು. ಹಲವು ದಶಕಗಳ ಕಾಲ ಅಲ್ಲಿಯೇ ಅಗೆದ ಸ್ವಿಟ್ಜರ್ಲೆಂಡಿನ ಶಾರ್ಲ್ ಬೊನೆ ಅವರ ಕೆಲಸದಿಂದ ಸ್ವತಂತ್ರ ಆಫ್ರಿಕನ್ ರಾಜಧಾನಿಯೊಂದರ ಬೀದಿ, ಕೋಟೆ, ಅರಮನೆಗಳ ನಕ್ಷೆ ಕಾಣಿಸತೊಡಗಿತು.

ಅಧೀನ ನೂಬಿಯಾದ ಒಬ್ಬ ಮನುಷ್ಯನನ್ನು ಮಾತ್ರ ನಾವು ಎರಡು ಬದಿಯಿಂದ ನೋಡಬಲ್ಲೆವು. ಟುಟಂಖಾಮನ್‌ನ ಕಾಲದಲ್ಲಿ ಕೂಷ್‌ನ ರಾಜಪುತ್ರನಾಗಿದ್ದ ಹುಯ್ ಎಂಬವನ ಸಮಾಧಿ ಥೀಬ್ಸಿನಲ್ಲಿದೆ. ಅದರ ಗೋಡೆಯ ಮೇಲೆ, ಚಿನ್ನದ ಬಳೆಗಳನ್ನೂ ತೊಗಲುಗಳನ್ನೂ ತಂದು ನಮಿಸುತ್ತಿರುವ ನೂಬಿಯಾದ ನಾಯಕರ ಸಾಲಿನಲ್ಲಿ ಮಿಅಮ್‌ನ ಒಡೆಯ ಹೆಕನೆಫೆರ್ ಇದ್ದಾನೆ. ಗರಿ ಮುಡಿದು, ಅವನ ನಾಡಿನ ಉಡುಗೆಯಲ್ಲಿ ಮಂಡಿಯೂರಿದ್ದಾನೆ. ಇದೇ ಹೆಕನೆಫೆರನ ಸ್ವಂತ ಸಮಾಧಿ 1960ರ ದಶಕದ ಆರಂಭದಲ್ಲಿ, ಅಸ್ವಾನ್ ಅಣೆಕಟ್ಟಿನ ನೀರು ನೂಬಿಯಾವನ್ನು ಮುಳುಗಿಸುವ ಮೊದಲು ನಡೆದ ತುರ್ತು ಉತ್ಖನನದಲ್ಲಿ, ತೋಷ್ಕಾ ಎಂಬಲ್ಲಿ ಬೆಳಕಿಗೆ ಬಂತು. ಅದು ಥೀಬ್ಸಿನ ಗಣ್ಯರ ಸಮಾಧಿಗಳ ಮಾದರಿಯಲ್ಲೇ ಬಂಡೆ ಕೊರೆದು ಮಾಡಿದ್ದು. ಶವದ ಸೇವೆಗಿಡುವ ಈಜಿಪ್ಟಿನ ಬೊಂಬೆಗಳು, ಈಜಿಪ್ಟಿನ ಬಿರುದುಗಳು. ಆ ಬಿರುದುಗಳಲ್ಲಿ ಒಂದರ ಪ್ರಕಾರ ಅವನು ಫೇರೋನ ಅರಮನೆಯ ಮಕ್ಕಳೊಡನೆ ಬೆಳೆದವನು. ತನ್ನನ್ನು ತಾನು ಅವನು ಕಂಡುಕೊಂಡದ್ದು ಈಜಿಪ್ಟಿನ ಗಣ್ಯನಾಗಿ. ಈಜಿಪ್ಟಿನ ಚಿತ್ರಕಾರನಿಗೆ ಅವನು ಬೇಕಾಗಿದ್ದದ್ದು ಗರಿ ಮುಡಿದವನಾಗಿ.

ಉತ್ತರದ ಸೋದರತ್ವ ಮುಂದೆ ಎಲ್ಲಿಗೆ ತಲಪಿತೆಂಬುದನ್ನೂ ಹೇಳಬೇಕು. ರಾಜನ ಮಗಳನ್ನು ಯಾರಿಗೂ ಕೊಡುವುದಿಲ್ಲವೆಂದು ಬೀಗಿದ ಅದೇ ಈಜಿಪ್ಟಿನ ರಾಣಿಯೊಬ್ಬಳು, ಕೆಲವೇ ದಶಕಗಳಲ್ಲಿ, ಶುಪ್ಪಿಲುಲಿಯುಮನಿಗೆ ಪತ್ರ ಬರೆದಳು: ನನ್ನ ಗಂಡ ಸತ್ತ, ನನಗೆ ಮಗನಿಲ್ಲ, ನಿನಗೆ ಬಹಳ ಮಕ್ಕಳಿದ್ದಾರಂತೆ, ಒಬ್ಬನನ್ನು ಕೊಟ್ಟರೆ ಅವನು ನನ್ನ ಗಂಡನಾಗುತ್ತಾನೆ, ನನ್ನ ಸೇವಕನೊಬ್ಬನನ್ನು ಗಂಡನನ್ನಾಗಿ ಮಾಡಿಕೊಳ್ಳಲಾರೆ. ಅವಳು ಟುಟಂಖಾಮನ್‌ನ ವಿಧವೆಯೆಂದು ಹೆಚ್ಚಿನವರ ಅಭಿಪ್ರಾಯ. ಇಂಥದ್ದು ನನ್ನ ಜನ್ಮದಲ್ಲಿ ನಡೆದಿಲ್ಲವೆಂದು ಉದ್ಗರಿಸಿದ ಹಿಟ್ಟೈಟ್ ಅರಸು ವಿಚಾರಣೆಗೆ ದೂತನನ್ನು ಕಳಿಸಿ, ಖಾತ್ರಿಯಾದ ಮೇಲೆ ಮಗ ಜನ್ನಂಜನನ್ನು ಕಳಿಸಿದ. ಆ ಹುಡುಗ ಈಜಿಪ್ಟಿನ ಸಿಂಹಾಸನವನ್ನು ಮುಟ್ಟುವ ಮೊದಲೇ ಸತ್ತ. ಇದೆಲ್ಲ ತಿಳಿದದ್ದು ಹಿಟ್ಟೈಟರ ಫಲಕಗಳಿಂದ. ಈಜಿಪ್ಟಿನ ಕಲ್ಲು ಇಲ್ಲಿ ಪೂರ್ಣ ಮೌನ. ಅನಂತರ ಈಜಿಪ್ಟಿಗೂ ಹಿಟ್ಟೈಟರಿಗೂ ಕಾದೇಶಿನ ಯುದ್ಧ, ಕ್ರಿ.ಪೂ. 1259ರ ಸುಮಾರಿಗೆ ಒಪ್ಪಂದ. ಹಿಟ್ಟೈಟರು ಶಾಂತಿ ಬೇಡಲು ಬಂದರೆಂದು ಕಾರ್ನಕ್ಕಿನ ಗೋಡೆಯ ಪೀಠಿಕೆ ಹೇಳಿದರೂ ಒಪ್ಪಂದದ ಒಳಗಿನ ಕಲಮುಗಳು ಇಬ್ಬರು ಸಮಾನರ ಕಲಮುಗಳೇ. ಆಮೇಲೆ ಎಷ್ಟು ಸಲುಗೆಯಾಯಿತೆಂದರೆ, ಹಿಟ್ಟೈಟ್ ಅರಸು ತನ್ನ ತಂಗಿಗೆ ಮಕ್ಕಳಾಗಲು ಈಜಿಪ್ಟಿನ ಔಷಧ ಕೇಳಿದಾಗ, ಅವಳಿಗೆ ಐವತ್ತಲ್ಲ, ಅರವತ್ತು ವರ್ಷವಾಗಿದೆಯಂತೆ, ಆ ವಯಸ್ಸಿಗೆ ಔಷಧ ಯಾರು ಮಾಡಿಯಾರು ಎಂದು ರಾಮ್ಸೆಸ್ ಬರೆದ. ಬರೆದೂ ವೈದ್ಯನನ್ನು ಕಳಿಸುವುದಾಗಿ ಒಪ್ಪಿದ.

ಕೂಷ್ ತನ್ನ ಬಾಯಿಂದ ಮಾತಾಡಿದ್ದು ಅದಕ್ಕೂ ಐನೂರು ವರ್ಷಗಳ ಬಳಿಕ. ಆ ಹೊತ್ತಿಗೆ ಈಜಿಪ್ಟು ಸಣ್ಣ ಸಣ್ಣ ಒಡೆಯರ ಪಾಲಾಗಿತ್ತು. ನಾಲ್ಕನೆಯ ಪ್ರಪಾತದ ಬಳಿಯ ನಪಾತದಿಂದ ಹೊರಟ ಪಿಯೆ ಎಂಬ ಅರಸು ಮುಖಜಭೂಮಿಯವರೆಗೆ ಗೆದ್ದು, ಕ್ರಿ.ಪೂ. 727ರ ಸುಮಾರಿಗೆ ಜೆಬೆಲ್ ಬರ್ಕಲ್ ದೇಗುಲದಲ್ಲಿ 159 ಸಾಲುಗಳ ವಿಜಯಶಾಸನ ನಿಲ್ಲಿಸಿದ. 1862ರಲ್ಲಿ ದೊರೆತ ಅದು ಈಗ ಕೈರೋದಲ್ಲಿದೆ. ಅದರ ಭಾಷೆ ಶುದ್ಧ ಈಜಿಪ್ಟಿನದು, ದೇವರು ಅಮುನ್, ಧಾಟಿ ಫೇರೋನದು. ಆದರೂ ಹೊಸಬನ ದನಿ ಅಲ್ಲಲ್ಲಿ ತೂರಿಬರುತ್ತದೆ. ಹರ್ಮೊಪೊಲಿಸನ್ನು ಮುತ್ತಿ ಗೆದ್ದ ಮೇಲೆ ಅವನು ಸೋತ ನಿಮ್ಲೋತನ ಅಂತಃಪುರದ ಹೆಂಗಸರತ್ತ ಕಣ್ಣೆತ್ತಿಯೂ ನೋಡದೆ ನೇರ ಲಾಯಕ್ಕೆ ಹೋಗುತ್ತಾನೆ. ಅಲ್ಲಿ ಬಡಕಲಾದ ಕುದುರೆಗಳನ್ನು ಕಂಡು, ನೀನು ಮಾಡಿದ ಬೇರೆ ಯಾವ ಅಪರಾಧಕ್ಕಿಂತಲೂ ನನ್ನ ಕುದುರೆಗಳನ್ನು ಹಸಿವಿನಲ್ಲಿ ಕೆಡವಿದ್ದೇ ನನಗೆ ಹೆಚ್ಚು ನೋವು ಎನ್ನುತ್ತಾನೆ. ಶರಣಾಗಲು ಬಂದ ಉತ್ತರದ ಒಡೆಯರಲ್ಲಿ ಮೀನು ತಿನ್ನುವವರು ಅಶುದ್ಧರೆಂದು ಅರಮನೆಯೊಳಗೆ ಬಿಡಲಿಲ್ಲ. ಒಳಗೆ ಹೋಗಲು ಸಿಕ್ಕಿದ್ದು ಮೀನು ತಿನ್ನದ ನಿಮ್ಲೋತನಿಗೊಬ್ಬನಿಗೇ. ಈಜಿಪ್ಟಿನ ಆಚಾರವನ್ನು ಈಜಿಪ್ಟಿನವರಿಗೇ ಕಲಿಸುವ ಈ ನಿಲುವಿನಲ್ಲಿ ನನಗೆ ಹೆಕನೆಫೆರನ ಮೊಮ್ಮಕ್ಕಳ ಸೇಡು ಕಂಡರೆ ಅದು ನನ್ನ ಕಲ್ಪನೆ ಇರಬಹುದು. ಕುದುರೆಯ ಪ್ರೀತಿ ಮಾತ್ರ ಕಲ್ಪನೆಯಲ್ಲ: ಎಲ್-ಕುರ್ರು ಎಂಬಲ್ಲಿ ಪಿಯೆಯ ವಂಶದವರ ಸ್ಮಶಾನದಲ್ಲಿ ಕುದುರೆಗಳನ್ನು ನಿಂತ ಭಂಗಿಯಲ್ಲೇ ಹೂಳಿದ್ದಾರೆ.

ಈ ವಂಶವನ್ನು ಈಜಿಪ್ಟಿನಿಂದ ಹೊರದಬ್ಬಿದವರು ಅಸ್ಸೀರಿಯಾದವರು. ದೂತರನ್ನು ಬಿಸಿಲಿನಲ್ಲಿ ನಿಲ್ಲಿಸಬೇಡವೆಂದು ಬರೆದವನ ಉತ್ತರಾಧಿಕಾರಿಗಳು ಕ್ರಿ.ಪೂ. 663ರಲ್ಲಿ ಥೀಬ್ಸನ್ನು ಸೂರೆ ಮಾಡಿದರು. ಕ್ರಿ.ಪೂ. 593ರಲ್ಲಿ ಫೇರೋ ಎರಡನೆಯ ಪ್ಸಾಮ್ತಿಕ್ ಕೂಷ್ ಮೇಲೆ ದಂಡು ಕಳಿಸಿದ. ಆ ವಂಶದ ಅರಸರ ಹೆಸರುಗಳನ್ನು ಈಜಿಪ್ಟಿನ ಕಲ್ಲುಗಳಿಂದ ಕೆತ್ತಿಹಾಕಲಾಯಿತು. ಕೂಷ್ ರಾಜ್ಯ ಮಾತ್ರ ಮುಂದೆ ಮೆರೋಯೆಯಲ್ಲಿ ಸುಮಾರು ಸಾವಿರ ವರ್ಷ ಉಳಿಯಿತು, ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ತನ್ನದೇ ಲಿಪಿಯನ್ನೂ ರೂಪಿಸಿಕೊಂಡಿತು. ಫ್ರಾನ್ಸಿಸ್ ಗ್ರಿಫಿತ್ 1911ರ ಸುಮಾರಿಗೆ ಆ ಅಕ್ಷರಗಳ ಉಚ್ಚಾರಣೆಯನ್ನು ಬಿಡಿಸಿದರು. ಭಾಷೆಯ ಅರ್ಥ ಇನ್ನೂ ಬಹುಪಾಲು ಬಿಡಿಸಿಲ್ಲ. ದೇವರ ಹೆಸರು, ಅರಸರ ಹೆಸರು, ಸಮಾಧಿಗಳ ಮೇಲಿನ ಪ್ರಾರ್ಥನೆ, ಒಂದಷ್ಟು ಪದಗಳು ಗೊತ್ತಾಗಿವೆ. ರಾಣಿ ಅಮಾನಿರೇನಾಸಳ ಹೆಸರಿರುವ ದೊಡ್ಡ ಶಾಸನವೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ರೋಮಿನ ಮೇಲಿನ ಯುದ್ಧವನ್ನು ಅದು ಹೇಳುತ್ತಿರಬಹುದೆಂದು ಊಹೆ. ಸುಡಾನಿನ ನೂಬಿಯನ್ ಭಾಷೆಗಳಿಗೂ ಎರಿಟ್ರಿಯಾದ ನಾರಾ ಭಾಷೆಗೂ ಮೆರೋಯಿಟಿಕ್ ಬಂಧುವೆಂದು ತೋರಿಸಿಕೊಟ್ಟ ಕ್ಲೋದ್ ರಿಲ್ಲಿ ಮತ್ತಿತರರು, ಆ ಜೀವಂತ ಭಾಷೆಗಳ ನೆರವಿನಿಂದ ಅದರ ಪದಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾರೆ.